ಕಣಕಟ್ಟೆಯ ಎಡಗಾಲು

ತೊಡೆಯ ಹಿಂಭಾಗದ ಸ್ನಾಯು ಹರಿದಾಗ ಆಟಗಾರ್ತಿ ಮೊದಲು ಮಾಡುವ ಕೆಲಸ ಹಿಂದಕ್ಕೆ ತಿರುಗಿ ನೋಡುವುದು. ಯಾರೋ ಕಲ್ಲು ಬೀಸಿ ಹೊಡೆದ ಹಾಗೆ ಅನ್ನಿಸುತ್ತದಂತೆ. ರಾಷ್ಟ್ರೀಯ ಕಿರಿಯ ಮಹಿಳೆಯರ ಫುಟ್‌ಬಾಲ್ ತಂಡದ ಶಿಬಿರದಲ್ಲಿ, ಕೊನೆಯ ಅಭ್ಯಾಸ ಪಂದ್ಯ ಇನ್ನೇನು ಮುಗಿಯಬೇಕು ಅನ್ನುವಾಗ, ಎಡಗಡೆಯ ಗೆರೆಗುಂಟ ಓಡುತ್ತಿದ್ದ ನಮ್ಮ ಹುಡುಗಿ ಹಾಗೇ ತಿರುಗಿ ನೋಡಿದಳು. ಹಿಂದೆ ಯಾರೂ ಇರಲಿಲ್ಲ. ಅವಳು ನೆಲಕ್ಕೆ ಕೂರುವ ಮೊದಲೇ ನಾನು ಐಸ್ ಡಬ್ಬಿ ಎತ್ತಿಕೊಂಡು ಓಡತೊಡಗಿದ್ದೆ.

ನಾನು ಆ ತಂಡದ ಫಿಸಿಯೋ. ಹುಟ್ಟಿದ್ದು ಹಳೇಬೀಡಿನ ಪಕ್ಕದ ಬಸ್ತಿಹಳ್ಳಿಯಲ್ಲಿ, ಸಂಸಾರ ಅರಸೀಕೆರೆಯಲ್ಲಿ. ಹುಡುಗಿ ಅರಸೀಕೆರೆ ತಾಲ್ಲೂಕಿನ ಕಣಕಟ್ಟೆಯವಳು, ಕೊಬ್ಬರಿ ವ್ಯಾಪಾರಿಯೊಬ್ಬರ ಎರಡನೇ ಮಗಳು. ಹಾಗಾಗಿ ಸ್ಕ್ಯಾನ್ ನೋಡಿದ ಹೆಡ್ ಕೋಚ್ ಬೇರೆ ಯೋಚನೆಯನ್ನೇ ಮಾಡಲಿಲ್ಲ. “ನಿಮ್ಮ ಕಡೆಯ ಹುಡುಗಿ. ನೀವೇ ಕರೆದುಕೊಂಡು ಹೋಗಿ, ನೀವೇ ಸರಿ ಮಾಡಿಕೊಂಡು ಬನ್ನಿ” ಎಂದರು. ಅವರು ಬೇರೆ ರಾಜ್ಯದವರು. ನಮ್ಮ ಮಾತುಕತೆ ನಡೆಯುವುದು ಅರ್ಧ ಇಂಗ್ಲಿಷಿನಲ್ಲಿ, ಅರ್ಧ ಹಿಂದಿಯಲ್ಲಿ. ಇಲ್ಲಿ ನನ್ನ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಅವರು ನಿಜವಾಗಿ ಇಷ್ಟು ಮೆತ್ತಗೆ ಮಾತಾಡುವವರಲ್ಲ.

ಮುಂದೆ ಅರ್ಹತಾ ಪಂದ್ಯಾವಳಿ ಇತ್ತು. ವಯಸ್ಸಿನ ಮಿತಿಯಿಂದಾಗಿ ಹುಡುಗಿಗೆ ಕಿರಿಯರ ತಂಡದಲ್ಲಿ ಅದೇ ಕೊನೆಯದು. ಅದಾದ ಮೇಲೆ ಒಂದೋ ಹಿರಿಯರ ತಂಡದಿಂದ ಕರೆ ಬರಬೇಕು, ಇಲ್ಲವೇ ಮನೆಗೆ ನಡೆಯಬೇಕು. ನಡುವೆ ನಿಂತು ಕಾಯುವ ಜಾಗ ಇಲ್ಲ. ಹಿರಿಯರ ತಂಡದ ಕೋಚ್ ಆ ಪಂದ್ಯಗಳನ್ನು ತಾವೇ ಬಂದು ನೋಡುವುದಾಗಿ ಹೇಳಿದ್ದರು. ಅವರಿಗೆ ಎಡಗಾಲಿನಲ್ಲಿ ಆಡುವ, ಎಡಗಡೆಯನ್ನು ಕಾಯುವ ರಕ್ಷಣಾ ಆಟಗಾರ್ತಿ ಬೇಕಿತ್ತು. ಅಂಥವರು ಎಲ್ಲಿಯೂ ಸುಲಭಕ್ಕೆ ಸಿಗುವುದಿಲ್ಲ. ನಮ್ಮ ಹುಡುಗಿ ಮೊದಲು ಮುಂದೆ ನಿಂತು ಗೋಲು ಹೊಡೆಯುತ್ತಿದ್ದವಳು. ಹಿರಿಯರ ತಂಡಕ್ಕೆ ಏನು ಕೊರತೆ ಎಂದು ಗೊತ್ತಿದ್ದ ನಮ್ಮ ಹೆಡ್ ಕೋಚ್ ಅವಳನ್ನು ಹಿಂದಕ್ಕೆ ತಂದು, ಒಂದಿಡೀ ವರ್ಷ ಕೂರಿಸಿ ನಿಲ್ಲಿಸಿ ಕಲಿಸಿದ್ದರು. ಅವಳ ಅಪ್ಪನಿಗೆ ಇದರಿಂದ ಭಾರಿ ಬೇಜಾರು. “ಗೋಲ್ ಹೊಡೆಯೋ ಹುಡ್ಗೀನ ತಂದು ಬಾಗ್ಲು ಕಾಯಕ್ಕೆ ಹಾಕವ್ರೆ” ಎಂದು ಊರೆಲ್ಲ ಹೇಳಿಕೊಂಡು ತಿರುಗಿದ್ದರು.

ನಮ್ಮ ಹೆಡ್ ಕೋಚ್ ಪ್ರತಿ ಮೀಟಿಂಗಿನಲ್ಲೂ ಒಂದು ಮಾತು ಹೇಳುತ್ತಿದ್ದರು. ಕಿರಿಯರ ತಂಡ ಇರುವುದು ಕಪ್ ಎತ್ತುವುದಕ್ಕಲ್ಲ, ಹಿರಿಯರ ತಂಡಕ್ಕೆ ಆಟಗಾರ್ತಿಯರನ್ನು ಬೆಳೆಸಿ ಕೊಡುವುದಕ್ಕೆ. ನಾವೆಲ್ಲ ತಲೆಯಾಡಿಸುತ್ತಿದ್ದೆವು. ತಲೆಯಾಡಿಸುವುದಕ್ಕೆ ಏನು ಖರ್ಚು? ಆ ಮಾತು ನಿಜಕ್ಕೂ ಏನು ಕೇಳುತ್ತದೆ ಅನ್ನುವುದು ನನಗೆ ಗೊತ್ತಾದದ್ದು ಈ ಎಡಗಾಲಿನಿಂದ.

ಕಣಕಟ್ಟೆಯ ಮನೆಯ ಜಗಲಿಯೇ ನನ್ನ ಚಿಕಿತ್ಸಾಲಯವಾಯಿತು. ಬೆಳಗಿನ ಬಸ್ಸಿಗೆ ಅರಸೀಕೆರೆಯಿಂದ ಹೊರಟು ಹೋಗುತ್ತಿದ್ದೆ. ಮೊದಲ ಹಂತದಲ್ಲಿ ಸ್ನಾಯುವಿಗೆ ಕದಲದೆ ಕೆಲಸ ಕೊಡಬೇಕು. ಅಂಗಾತ ಮಲಗಿ, ಹಿಮ್ಮಡಿಯನ್ನು ನೆಲಕ್ಕೆ ಅದುಮಿ, ಸೊಂಟ ಎತ್ತಿ, ಹಾಗೇ ಹಿಡಿದುಕೊಂಡಿರುವುದು. ನೋಡುವವರಿಗೆ ಏನೂ ನಡೆಯುತ್ತಿಲ್ಲ ಅನ್ನಿಸುತ್ತದೆ. ಮಾಡುವವರ ಹಣೆಯಲ್ಲಿ ಬೆವರು ಇಳಿಯುತ್ತದೆ. ಸ್ವಲ್ಪ ಬಲ ಬಂದ ಮೇಲೆ ಹೊಟ್ಟೆಯ ಮೇಲೆ ಭಾರ ಇಡಬೇಕು. ಜಿಮ್ಮಿನ ಕಬ್ಬಿಣ ಅಲ್ಲೆಲ್ಲಿ? ಅರ್ಧ ತುಂಬಿದ ರಾಗಿ ಮೂಟೆ ಇಟ್ಟೆ. ಹೊಟ್ಟೆಯ ಮೇಲೆ ಇಡುವುದಕ್ಕೆ ಯಾರದೂ ತಕರಾರಿರಲಿಲ್ಲ. ಮಾರನೇ ವಾರ ಅದೇ ಮೂಟೆಯ ಮೇಲೆ ಹಿಮ್ಮಡಿ ಇಡು ಅಂದಾಗ ಮಾತ್ರ ಅಡಿಗೆಮನೆಯಿಂದ ಅಜ್ಜಿ ಹಾರಿ ಬಂದರು. “ಅಯ್ಯೋ, ರಾಗಿಗೆ ಕಾಲ್ ಮಡಗಿಸ್ತೀಯೇನವ್ವ? ಉಣ್ಣೋ ಅನ್ನ ಕಣವ್ವ ಅದು!” ನಾನೂ ರಾಗಿ ಮುದ್ದೆ ತಿಂದು ಬೆಳೆದವಳೇ, ತೆಪ್ಪಗೆ ಮೂಟೆ ಬದಲಿಸಿದೆ. ತೆಂಗಿನ ನಾರು ತುಂಬಿದ ಚೀಲ ಬಂತು. ಹಿಮ್ಮಡಿಗೆ ಅದು ರಾಗಿಗಿಂತ ಚೆನ್ನಾಗಿ ಕುದುರಿತು.

ಎರಡನೇ ಹಂತದ ಮುಖ್ಯ ವ್ಯಾಯಾಮಕ್ಕೆ ಇನ್ನೊಬ್ಬರ ಸಹಾಯ ಬೇಕು. ಆಟಗಾರ್ತಿ ಮಂಡಿಯೂರಿ ನೆಟ್ಟಗೆ ನಿಲ್ಲಬೇಕು, ಯಾರಾದರೂ ಹಿಂದಿನಿಂದ ಅವಳ ಕಾಲುಗಳನ್ನು ನೆಲಕ್ಕೆ ಅದುಮಿ ಹಿಡಿದಿರಬೇಕು. ಆಗ ಅವಳು ಇಡೀ ಮೈಯನ್ನು ಹಲಗೆಯಂತೆ ಬಿಗಿಹಿಡಿದು ನಿಧಾನವಾಗಿ ಮುಂದಕ್ಕೆ ಬಾಗುತ್ತ ಹೋಗಬೇಕು. ಬೀಳುವುದನ್ನು ತೊಡೆಯ ಹಿಂಭಾಗವೊಂದೇ ತಡೆಯಬೇಕು. ತೊಡೆಯ ಮೇಲೆ ಕೈಯಿಟ್ಟು ಸ್ನಾಯುವಿನ ಎಳೆತ ನೋಡುವ ಕೆಲಸ ನನಗಿದ್ದುದರಿಂದ ಕಾಲು ಹಿಡಿಯುವುದಕ್ಕೆ ಅಜ್ಜಿಯನ್ನು ಕರೆದೆ. ಕೈಯಲ್ಲಿ ಹಿಡಿಯುವಷ್ಟು ಬಗ್ಗಲಾರೆ ಎಂದು ಅವರು ಮೊಮ್ಮಗಳ ಕಾಲುಗಳ ಮೇಲೆ ಕೂತೇಬಿಟ್ಟರು. ಕೂತು ಎಲೆ ಅಡಿಕೆ ಹಾಕಿಕೊಂಡರು. ಅಜ್ಜಿಯ ಭಾರ ಸರಿಯಾಗಿತ್ತು, ಅವರು ಕದಲುತ್ತಲೂ ಇರಲಿಲ್ಲ. ನಾನು ಕೆಲಸ ಮಾಡಿರುವ ದೊಡ್ಡ ದೊಡ್ಡ ಕೇಂದ್ರಗಳಲ್ಲೂ ಕಾಲನ್ನು ಇಷ್ಟು ಭದ್ರವಾಗಿ ಹಿಡಿಯುವ ಪಟ್ಟಿ ನೋಡಿರಲಿಲ್ಲ.

“ಮಲಗ್ಕಂಡ್ ಏಳದು, ಬಗ್ಗದು. ಇದುನ್ನ ಕಲಿಯಕ್ಕೆ ನೀನು ಅಷ್ಟು ದೊಡ್ಡ ಓದು ಓದ್ದೇನವ್ವ?” ಎಂದು ಅಜ್ಜಿ ನನ್ನನ್ನು ಕಿಚಾಯಿಸುತ್ತಿದ್ದರು.

“ಹೂಂ ಅಜ್ಜಿ, ನಿಮ್ಮನ್ನ ಕೂರಿಸೋದು ಹೆಂಗೆ ಅಂತ ಕೊನೇ ವರ್ಷದಲ್ಲಿ ಹೇಳ್ಕೊಟ್ರು” ಅನ್ನುತ್ತಿದ್ದೆ.

ಗಾಯ ಚೆನ್ನಾಗಿ ಮಾಯುತ್ತಿತ್ತು. ಹುಡುಗಿ ನಡೆದಳು, ಮೆಟ್ಟಿಲು ಹತ್ತಿದಳು, ತೋಟದ ಸಾಲಿನಲ್ಲಿ ಮೆಲ್ಲಗೆ ಓಡಿದಳು. ಅರ್ಹತಾ ಪಂದ್ಯಗಳಿಗೆ ಇನ್ನೂ ಸಾಕಷ್ಟು ಸಮಯವಿತ್ತು. ನಾನು ಹೆಡ್ ಕೋಚ್‌ಗೆ ಫೋನ್ ಮಾಡಿ, ಮೊದಲ ಪಂದ್ಯಕ್ಕೇ ಕೊಡುತ್ತೇನೆ ಎಂದು ಬೀಗಿದೆ. ಆದರೆ ನಮ್ಮ ಕಡೆಯ ಒಂದು ಕಾಯಿಲೆಗೆ ನನ್ನ ಹತ್ತಿರ ಮದ್ದಿರಲಿಲ್ಲ. ಅದು ಸನ್ಮಾನ.

ರಾಷ್ಟ್ರೀಯ ತಂಡದ ಹುಡುಗಿ ಊರಲ್ಲಿದ್ದಾಳೆ ಅಂತ ಗೊತ್ತಾದ ಮೇಲೆ ಯಾರು ಬಿಡುತ್ತಾರೆ? ಶಾಲೆಯವರು ಕರೆದರು, ಸಂಘದವರು ಕರೆದರು, ಮಠದಿಂದ ಹೇಳಿಕಳಿಸಿದರು. ಶಾಲು, ಪೇಟ, ಹಣ್ಣಿನ ಬುಟ್ಟಿ, ಅದರ ಜೊತೆಗೆ ಕತ್ತು ಬಗ್ಗಿಸುವಂಥ ಕೊಬ್ಬರಿ ಹಾರ. ಕುರ್ಚಿಯಲ್ಲಿ ಗಂಟೆಗಟ್ಟಲೆ ಕೂತರೆ ತೊಡೆಯ ಹಿಂಭಾಗ ಮರಗಟ್ಟುತ್ತದೆ, ಬೇಡ ಎಂದು ನಾನು ಎಲ್ಲದಕ್ಕೂ ಅಡ್ಡಗಾಲು ಹಾಕಿದೆ. ಮಠದವರು ಅರ್ಥ ಮಾಡಿಕೊಂಡರು. ಸಂಘದವರು ಮುಖ ಊದಿಸಿಕೊಂಡರು. ಹೇಗೋ ತಡೆದೆ. ತಡೆಯಲಾಗದೆ ಹೋದದ್ದು ಒಂದೇ. ಅದು ಬೀಗರದು.

ಹುಡುಗಿಯ ಅಕ್ಕನನ್ನು ಕೊಟ್ಟಿರುವುದು ಬೇಲೂರು ತಾಲ್ಲೂಕಿನ ಮಾದಿಹಳ್ಳಿಗೆ. ಅಲ್ಲಿ ಕಬಡ್ಡಿ ಪಂದ್ಯಾವಳಿ ಇಟ್ಟುಕೊಂಡಿದ್ದರು, ಹುಡುಗಿಯೇ ಉದ್ಘಾಟನೆ ಮಾಡಬೇಕೆಂದು ಅಕ್ಕನ ಮಾವ ತಾಂಬೂಲ ಹಿಡಿದು ಮನೆಗೇ ಬಂದಿದ್ದರು. ನಾನಾಗ ನಮ್ಮ ತಂಡದ ಇನ್ನೊಬ್ಬ ಆಟಗಾರ್ತಿಯನ್ನು ನೋಡುವುದಕ್ಕೆ ಬೆಂಗಳೂರಿಗೆ ಹೋಗಿದ್ದೆ. ತಿರುಗಿ ಬಂದು ಜಗಲಿಯಲ್ಲಿ ಹುಡುಗಿಯನ್ನು ಬೋರಲು ಮಲಗಿಸಿ, ಮಂಡಿ ಮಡಿಸು ಎಂದು ಹಿಮ್ಮಡಿಗೆ ಕೈ ಒತ್ತಿದೆ. ಬಲಗಾಲು ನನ್ನ ಕೈಯನ್ನು ದೂಡಿತು. ಎಡಗಾಲು ನಡುದಾರಿಯಲ್ಲೇ ಸೋತು ಕೆಳಗೆ ಬಂತು. ಹೋದ ವಾರ ಹೀಗಿರಲಿಲ್ಲ.

“ಏನಾಯ್ತು?”

“ಏನಿಲ್ಲ ಮೇಡಂ. ನಿನ್ನೆ ಸ್ವಲ್ಪ ಜಾಸ್ತಿ ನಡೆದೆ.”

“ನಡೆದರೆ ಹೀಗಾಗಲ್ಲ. ಏನಾಯ್ತು ಹೇಳು.”

ಅವಳು ಮುಖವನ್ನು ಚಾಪೆಗೆ ಒತ್ತಿಕೊಂಡಳು. ಕಂಬಕ್ಕೊರಗಿ ಕೂತಿದ್ದ ಅಜ್ಜಿಗೆ ತಡೆಯಲಾಗಲಿಲ್ಲ. “ಸೀರೆ ಉಟ್ಕಂಡು ಒದ್ದವ್ಳೆ ಕಣವ್ವ. ಎಲ್ಡ್ ಸಲ.”

ಆಮೇಲೆ ಎಲ್ಲ ಹೊರಬಿತ್ತು. ದೀಪ ಹಚ್ಚಿ ಉದ್ಘಾಟನೆ ಮಾಡುವುದು ಹಳೆಯದಾಯಿತು, ಫುಟ್‌ಬಾಲ್ ಹುಡುಗಿ ಬಂದಿದ್ದಾಳೆ, ವೇದಿಕೆಯಿಂದ ಚೆಂಡು ಒದ್ದು ಉದ್ಘಾಟಿಸಲಿ ಎಂದು ಯಾರಿಗೋ ಹೊಳೆದಿದೆ. ಕಬಡ್ಡಿ ಪಂದ್ಯಕ್ಕೆ ಫುಟ್‌ಬಾಲ್ ಒದೆಯುವುದು! ಸ್ವಾಗತ, ಪ್ರಾಸ್ತಾವಿಕ ನುಡಿ, ಅಧ್ಯಕ್ಷರ ಭಾಷಣ ಎಲ್ಲ ಮುಗಿಯುವವರೆಗೆ ರೇಷ್ಮೆ ಸೀರೆಯಲ್ಲಿ ಕುರ್ಚಿಯ ಮೇಲೆ ಕೂತವಳು ಎದ್ದು ಒಮ್ಮೆ ಮೆಲ್ಲಗೆ ಒದ್ದಿದ್ದಾಳೆ. ಬುದ್ಧಿವಂತೆಯೇ, ಮೆಲ್ಲಗೇ ಒದ್ದಿದ್ದಾಳೆ. ಜನ ಚಪ್ಪಾಳೆ ತಟ್ಟಿದ್ದಾರೆ. ಅಲ್ಲಿಗೆ ಬಿಟ್ಟಿದ್ದರೆ ಏನೂ ಆಗುತ್ತಿರಲಿಲ್ಲ. ಆದರೆ ವಿಡಿಯೋ ತೆಗೆಯುವವನು ಮುಂದೆ ಬಂದು, “ಅಕ್ಕ, ಬೀಗ್ರು ಅಡ್ಡ ಬಂದ್ಬುಟ್ರು, ಸರ್ಯಾಗ್ ಬರ್ಲಿಲ್ಲ. ಇನ್ನೊಂದ್ ಸಲ, ಜೋರಾಗಿ” ಅಂದಿದ್ದಾನೆ. ಇಷ್ಟು ಹೊತ್ತಿಗೆ ಅಕ್ಕನ ಮಾವ ಸರಿದು ನಿಂತು ಶಾಲು ಸರಿಮಾಡಿಕೊಂಡಿದ್ದಾರೆ. ಹುಡುಗಿ ಎಡಗಾಲನ್ನು ಪೂರ್ತಿ ಬೀಸಿದ್ದಾಳೆ.

ನನಗೆ ಮೈಯೆಲ್ಲ ಉರಿಯಿತು. ಅಪ್ಪ ಸಂತೆಯಿಂದ ಬರುವವರೆಗೂ ಜಗಲಿಯಲ್ಲೇ ಕೂತು, ಅವರು ಚಪ್ಪಲಿ ಬಿಡುವ ಮೊದಲೇ ಹಿಡಿದುಕೊಂಡೆ. “ಒಂದು ಒದೆತಕ್ಕೆ ಇಷ್ಟು ದಿನದ ಕೆಲಸ ಮಣ್ಣುಪಾಲು ಮಾಡಿಬಿಟ್ರಲ್ಲ! ನನ್ನ ಒಂದು ಮಾತು ಕೇಳಬಾರದಿತ್ತಾ?”

ಅವರು ಟವೆಲಿನಲ್ಲಿ ಮುಖ ಒರೆಸಿಕೊಂಡರು. “ಬೀಗ್ರು ಮನೆ ಬಾಗ್ಲಿಗೆ ಬಂದು ಎಲೆ ಅಡಿಕೆ ಕೊಟ್ರೆ ಒಲ್ಲೆ ಅನ್ನಕಾಯ್ತದಾ ಮೇಡಮ್ಮೋರೆ? ನಾಳೆ ನನ್ ಹಿರೇ ಮಗಳು ಆ ಮನೇಲಿ ತಲೆ ಎತ್ಕಂಡು ತಿರುಗ್ಬೇಕಲ್ಲ.” ಟವೆಲನ್ನು ಹೆಗಲಿಗೆ ಹಾಕಿಕೊಂಡು, “ಕಾಲು ಹೋಯ್ತಾ?” ಎಂದು ಕೇಳಿದರು. ಆ ಸ್ವರ ಕೇಳಿದ ಮೇಲೆ ನನಗೆ ಇನ್ನಷ್ಟು ಬೈಯಲು ಬಾಯಿ ಬರಲಿಲ್ಲ.

ಕಾಲು ಹೋಗಿರಲಿಲ್ಲ. ಹಳೆಯ ಗಾಯದ ಅಂಚು ಮತ್ತೆ ಬಿಟ್ಟುಕೊಂಡಿತ್ತು. ನಾವು ಪುನಃ ರಾಗಿ ಮೂಟೆಗೆ ಹಿಂತಿರುಗಿದೆವು. ಹೆಡ್ ಕೋಚ್‌ಗೆ ಫೋನ್ ಮಾಡಿ ನಡೆದದ್ದನ್ನು ಹೇಳಿದೆ. “ಸೀರೆಯಲ್ಲಿ?” ಎಂದು ಒಮ್ಮೆ ಕೇಳಿದರು. ಹೌದು ಅಂದೆ. ತಂಡದ ಆಯ್ಕೆಗೆ ಮುಂಚೆ ತಾವೇ ಬಂದು ಓಟ ನೋಡುತ್ತೇನೆ, ಓಡಿದರೆ ಕರೆದುಕೊಂಡು ಹೋಗುತ್ತೇನೆ ಎಂದು ಫೋನ್ ಇಟ್ಟರು.

ಆಮೇಲಿನ ದಿನಗಳು ನನ್ನ ವೃತ್ತಿಯ ಅತಿ ಬಿಗಿಯಾದ ದಿನಗಳು. ಅವಸರ ಮಾಡುವ ಹಾಗಿಲ್ಲ, ಮಾಡದೆ ಇರುವ ಹಾಗೂ ಇಲ್ಲ. ಓಟದ ಹಂತಕ್ಕೆ ಬಂದಾಗ ಹುಡುಗಿಯೇ ಬಸ್ಸಿನಲ್ಲಿ ಅರಸೀಕೆರೆಗೆ ಬರತೊಡಗಿದಳು. ರೈಲ್ವೆ ಸ್ಟೇಷನ್ನಿಗೆ ಹತ್ತಿರದ ಕೆಂಪು ಮಣ್ಣಿನ ಮೈದಾನದಲ್ಲಿ ಓಡಿಸುತ್ತಿದ್ದೆ. ಶಿಬಿರದಲ್ಲಾದರೆ ಪ್ರತಿ ಹೆಜ್ಜೆಯನ್ನು ಅಳೆಯುವ ಕ್ಯಾಮೆರಾಗಳಿರುತ್ತವೆ. ಇಲ್ಲಿ ನನ್ನದೇ ಒಂದು ಉಪಾಯ ಮಾಡಿಕೊಂಡೆ. ಓಡುವ ಪಟ್ಟಿಗೆ ಹಿಂದಿನ ಸಂಜೆಯೇ ಪೈಪಿನಲ್ಲಿ ನೀರು ಹಾಯಿಸಿ, ಬೆಳಿಗ್ಗೆ ಅದರ ಮೇಲೆ ತೆಂಗಿನ ಗರಿಯೊಂದನ್ನು ಎಳೆದರೆ ಮಣ್ಣು ಸಾರಿಸಿದ ಅಂಗಳದಂತೆ ನುಣುಪಾಗುತ್ತದೆ. ಅವಳು ಓಡಿದ ಮೇಲೆ ಪ್ರತಿ ಹೆಜ್ಜೆಯೂ ಅಚ್ಚಾಗಿ ಕೂತಿರುತ್ತದೆ. ಟೇಪು ಹಿಡಿದು ಎಡದಿಂದ ಬಲಕ್ಕೆ ಎಷ್ಟು, ಬಲದಿಂದ ಎಡಕ್ಕೆ ಎಷ್ಟು ಎಂದು ಅಳೆಯುತ್ತ ಹೋಗುತ್ತಿದ್ದೆ. ನೋವನ್ನು ಬಾಯಿ ಮುಚ್ಚಿಡಬಹುದು, ಹೆಜ್ಜೆ ಮುಚ್ಚಿಡುವುದಿಲ್ಲ. ನೋಯುವ ತೊಡೆ ಕಾಲನ್ನು ಪೂರ್ತಿ ಮುಂದಕ್ಕೆ ಬಿಡುವುದೇ ಇಲ್ಲ.

ಹೆಡ್ ಕೋಚ್ ಬೆಂಗಳೂರಿಗೆ ಹೋಗುವ ರೈಲಿನಲ್ಲಿ ಬಂದು ಬೆಳಿಗ್ಗೆ ನಮ್ಮ ಜಂಕ್ಷನ್ನಿನಲ್ಲಿ ಇಳಿದರು. ಮಧ್ಯಾಹ್ನದ ಗಾಡಿಗೆ ಹತ್ತಬೇಕಿತ್ತು. ತಟ್ಟೆ ಇಡ್ಲಿ ತಿನ್ನಿಸಿ ಮೈದಾನಕ್ಕೆ ಕರೆತಂದೆ. ಹುಡುಗಿ ಆಗಲೇ ಮೈ ಬಿಸಿ ಮಾಡಿಕೊಂಡು ನಿಂತಿದ್ದಳು. ಅವಳ ಅಪ್ಪನೂ ಬಂದಿದ್ದರು, ಬೇಲಿಯ ಪಕ್ಕ ಕೈಕಟ್ಟಿ ನಿಂತು.

ಪರೀಕ್ಷೆ ಸರಳ. ಪೂರ್ತಿ ವೇಗದ ಓಟ, ನಡೆದು ವಾಪಸು, ಮತ್ತೆ ಓಟ. ಉಸಿರು ಸುಧಾರಿಸಿಕೊಳ್ಳಲು ಬಿಡದೆ ಹೀಗೇ ಓಡಿಸುತ್ತ ಹೋಗುವುದು. ಎಡಗಡೆ ಕಾಯುವವಳಿಗೆ ಪಂದ್ಯದಲ್ಲಿ ಬೀಳುವ ಹೊರೆ ಇದೇ ತರಹದ್ದು. ಹೆಡ್ ಕೋಚ್ ಕೈಯಲ್ಲಿ ಸ್ಟಾಪ್‌ವಾಚ್. ನಾನು ನಡುವೆ ಕೂತು ಕಣ್ಣು ಮುಚ್ಚಿ ಹೆಜ್ಜೆಯ ಸದ್ದು ಕೇಳುತ್ತಿದ್ದೆ. ಮೊದಲ ಓಟಗಳು ಅದ್ಭುತವಾಗಿದ್ದವು. ಗಾಯಕ್ಕೆ ಮುಂಚೆ ಓಡುತ್ತಿದ್ದುದಕ್ಕಿಂತಲೂ ಚುರುಕು. ನನ್ನ ಎದೆ ಹಿಗ್ಗಿತು, ಸುಳ್ಳೇಕೆ ಹೇಳಲಿ. ಕೊನೆಯ ಎರಡರಲ್ಲಿ ಸದ್ದು ಬದಲಾಯಿತು. ಧಪ್ ಧಪ್ ಎಂದು ಸಮವಾಗಿ ಬೀಳುತ್ತಿದ್ದುದು ಒಂದು ಜೋರು, ಒಂದು ಮೆಲ್ಲಗೆ ಆಯಿತು. ಕಣ್ಣು ತೆರೆದೆ.

“ಸಮಯ ಕೆಡಲೇ ಇಲ್ಲ” ಎಂದು ಹೆಡ್ ಕೋಚ್ ನನ್ನ ಬೆನ್ನು ತಟ್ಟಿದರು. “ಬೆಂಗಳೂರಿನ ಶಿಬಿರಕ್ಕೆ ಬಟ್ಟೆ ಕಟ್ಟಿಕೊಳ್ಳೋಕೆ ಹೇಳಿ.”

ಹುಡುಗಿ ಎರಡು ಕೈಯನ್ನೂ ಮೇಲೆತ್ತಿದಳು. ಬೇಲಿಯ ಪಕ್ಕ ಅಪ್ಪ ಟವೆಲಿನಿಂದ ಕಣ್ಣೊರೆಸಿಕೊಂಡರು. ನಾನು ಟೇಪು ತೆಗೆದುಕೊಂಡು ಕೊನೆಯ ಓಟದ ಸಾಲಿಗೆ ಇಳಿದೆ. ಎಡ ಹೆಜ್ಜೆ ಪ್ರತಿ ಬಾರಿಯೂ ಹೆಚ್ಚುಕಡಿಮೆ ಒಂದು ಗೇಣು ಹಿಂದೆ ಬಿದ್ದಿತ್ತು. ವೇಗ ಉಳಿಸಿಕೊಳ್ಳಲು ಸೊಂಟವನ್ನು ಎತ್ತಿ ಓಡಿದ್ದಳು. ಅಂದರೆ ದಣಿವಾದ ಮೇಲೆ ಆ ತೊಡೆ ಕೆಲಸ ಬಿಟ್ಟುಕೊಡುತ್ತಿತ್ತು, ಭಾರವನ್ನು ಬೆನ್ನು ಹೊರುತ್ತಿತ್ತು. ಪಂದ್ಯದ ಕೊನೆಯಲ್ಲಿ ಎದುರಾಳಿಯ ಹಿಂದೆ ಓಡುವಾಗ ಬೆನ್ನಿಗೂ ಸಾಕಾಗುತ್ತದೆ. ಆಗ ಹರಿಯುವುದು ಅಂಚಲ್ಲ, ಇಡೀ ಸ್ನಾಯು. ಅದಕ್ಕೆ ಶಸ್ತ್ರಚಿಕಿತ್ಸೆ. ಆಮೇಲೆ ಹಿರಿಯರ ತಂಡದ ಹೆಸರೆತ್ತುವ ಹಾಗಿಲ್ಲ.

ನಾನು ಹೆಡ್ ಕೋಚ್‌ರನ್ನು ಕರೆದು ಹೆಜ್ಜೆಗಳನ್ನು ತೋರಿಸಿದೆ. ಅವರು ಕುಕ್ಕರುಗಾಲಲ್ಲಿ ಕೂತು ಬಹಳ ಹೊತ್ತು ನೋಡಿದರು.

“ಗಡಿಯಾರ ಸರಿ ಅನ್ನುತ್ತಿದೆ” ಎಂದರು.

“ಗಡಿಯಾರ ಇವತ್ತಿನದು ಹೇಳುತ್ತದೆ ಸರ್.”

“ತೊಡೆಗೆ ಬಿಗಿಯಾಗಿ ಪಟ್ಟಿ ಕಟ್ಟಿ ಪ್ರತಿ ಪಂದ್ಯದಲ್ಲೂ ಅರ್ಧ ಹೊತ್ತು ಆಡಿಸೋಣ. ಹಿರಿಯರ ಕೋಚ್ ನೋಡುವುದು ಈ ಪಂದ್ಯಾವಳಿಯಲ್ಲೇ. ಇದು ತಪ್ಪಿದರೆ ಅವಳನ್ನು ನೋಡುವವರು ಯಾರು? ನನ್ನ ಎಡಗಡೆಗೆ ಬೇರೆ ಯಾರಿದ್ದಾರೆ?”

ಎರಡೂ ನ್ಯಾಯವಾದ ಪ್ರಶ್ನೆಗಳೇ. ಹುಡುಗಿ ಹತ್ತಿರ ಬಂದು ನಿಂತಿದ್ದಳು, ಎಲ್ಲ ಕೇಳಿಸಿಕೊಳ್ಳುತ್ತಿದ್ದಳು. ನಾನು ಹೂಂ ಅಂದರೆ ಎಲ್ಲರೂ ಖುಷಿಯಾಗುತ್ತಿದ್ದರು. ಹರಿದರೆ ದುರದೃಷ್ಟ ಅನ್ನುತ್ತಿದ್ದರು, ನನ್ನನ್ನು ಯಾರೂ ಕೇಳುತ್ತಿರಲಿಲ್ಲ. ಬೇಡ ಅಂದರೆ, ಹರಿಯದೇ ಇದ್ದ ಕಾಲಿಗಾಗಿ ಅವಳ ಅವಕಾಶ ಕಳೆದವಳು ನಾನಾಗುತ್ತಿದ್ದೆ. ನನ್ನ ಕೆಲಸದ ಕಷ್ಟವೇ ಇದು. ಆಗದೇ ಹೋದದ್ದನ್ನು ಯಾರಿಗೂ ತೋರಿಸಲಾಗುವುದಿಲ್ಲ.

“ಸರ್, ನಾವು ಆಟಗಾರ್ತಿಯರನ್ನ ಬೆಳೆಸೋದು ಹಿರಿಯರ ತಂಡಕ್ಕೆ ಅಂತ ನೀವೇ ಪ್ರತಿ ಸಲ ಹೇಳ್ತೀರಿ” ಎಂದೆ. “ಹಾಗಿದ್ದರೆ ಈ ಪಂದ್ಯಾವಳಿಗೆ ಇವಳು ಬೇಡ. ಆಡಲು ತಯಾರು ಅನ್ನುವ ಪತ್ರಕ್ಕೆ ನಾನು ಸಹಿ ಹಾಕುವುದಿಲ್ಲ.”

ಅವರ ಮುಖ ಕೆಂಪಾಯಿತು. ಅಷ್ಟರಲ್ಲಿ ಹುಡುಗಿ ನಮ್ಮಿಬ್ಬರ ನಡುವೆ ನುಗ್ಗಿ ಆ ಕೊನೆಯ ಸಾಲಿನ ಮೇಲೆ ಕಾಲೆಳೆದುಕೊಂಡು ನಡೆಯತೊಡಗಿದಳು. ಒಂದೊಂದೇ ಹೆಜ್ಜೆಯನ್ನು ಬೂಟಿನಿಂದ ಉಜ್ಜಿ ಅಳಿಸಿದಳು. ಪಟ್ಟಿಯ ಆ ತುದಿಯವರೆಗೂ ಹೋಗಿ ತಿರುಗಿ ನಿಂತಳು.

“ಅಳಿಸ್ಬಿಟ್ಟೆ. ಈಗೇನ್ ತೋರಿಸ್ತೀರಾ ತೋರ್ಸಿ ಮೇಡಂ! ಇದು ನಂದು ಲಾಸ್ಟ್ ಚಾನ್ಸ್ ಕಣ್ರೀ. ನಿಮ್ಗೇನು, ನಾಳೆ ಇನ್ನೊಬ್ಳು ಬರ್ತಾಳೆ. ನಂಗೆ?”

ಅಪ್ಪ ಬೇಲಿ ದಾಟಿ ಬಂದು ಅವಳ ಭುಜ ಹಿಡಿದುಕೊಂಡರು. ನನ್ನ ಮಾತು ಬದಲಾಗಲಿಲ್ಲ. ಹೆಡ್ ಕೋಚ್ ಮಧ್ಯಾಹ್ನದ ಗಾಡಿ ಹತ್ತುವಾಗ ಬಾಗಿಲಲ್ಲಿ ನಿಂತು, “ನಿಮ್ಮ ಮಾತಿಗೆ ಬಿಡುತ್ತಿದ್ದೇನೆ. ಖುಷಿಯಿಂದಲ್ಲ” ಎಂದಷ್ಟೇ ಹೇಳಿದರು.

ತಂಡದ ಜೊತೆ ಹೋಗುವ ಕೆಲಸಕ್ಕೆ ನನ್ನ ಸಹೋದ್ಯೋಗಿಯನ್ನು ಕಳಿಸಿಕೊಟ್ಟು ನಾನು ಊರಲ್ಲೇ ಉಳಿದೆ. ಮಾರನೇ ದಿನ ಹುಡುಗಿ ಬರುವುದಿಲ್ಲ ಅಂದುಕೊಂಡಿದ್ದೆ. ಬಂದಳು. ನಮಸ್ಕಾರ ಇಲ್ಲ, ಮಾತಿಲ್ಲ. ಹೇಳಿದ್ದನ್ನೆಲ್ಲ ಮಾಡಿದಳು, ಬಸ್ಸು ಹತ್ತಿ ಹೋದಳು. ಹೀಗೇ ಎಷ್ಟೋ ದಿನ. ನನಗೂ ಹಟ, ನಾನೂ ಲೆಕ್ಕದ ಮಾತಷ್ಟೇ ಆಡಿದೆ. ಕಣಕಟ್ಟೆಗೆ ಹೋದ ದಿನ ಅಜ್ಜಿ ಎಂದಿನಂತೆ ಅವಳ ಕಾಲ ಮೇಲೆ ಕೂತು ನಮ್ಮಿಬ್ಬರನ್ನೂ ನೋಡಿ, “ಏನ್ರೇ, ಇಬ್ರೂ ಬಾಯಿಗೆ ಬೀಗ ಹಾಕ್ಕಂಡಿದ್ದೀರಾ? ನಾನೊಬ್ಳೇ ಎಷ್ಟೂಂತ ಮಾತಾಡ್ಲಿ?” ಅಂದರು. ಹುಡುಗಿಗೆ ನಗು ಬಂದು, ಬಿಗಿಹಿಡಿದಿದ್ದ ಮೈ ಸಡಿಲವಾಗಿ ದಬಕ್ಕನೆ ಮುಂದಕ್ಕೆ ಬಿದ್ದಳು. ನಾನೂ ನಕ್ಕೆ. ಆದರೂ ಅವಳು ಮಾತಾಡಲಿಲ್ಲ. ಇಷ್ಟು ಸಿಟ್ಟಿಟ್ಟುಕೊಂಡೂ ಒಂದು ದಿನ ತಪ್ಪಿಸದೆ, ಒಂದು ಎಣಿಕೆ ಕಡಿಮೆ ಮಾಡದೆ ದುಡಿದಳಲ್ಲ, ಆ ಹುಡುಗಿಯ ಬಗ್ಗೆ ನನಗೆ ಹೆಮ್ಮೆ ಶುರುವಾದದ್ದು ಆ ದಿನಗಳಲ್ಲಿ. ಗೋಲು ಹೊಡೆಯುವುದನ್ನು ನೋಡಿ ಹೆಮ್ಮೆಪಡುವವರು ಬೇಕಾದಷ್ಟು ಜನ ಇರುತ್ತಾರೆ.

ಅರ್ಹತಾ ಪಂದ್ಯಗಳ ಕೊನೆಯದನ್ನು ಅರಸೀಕೆರೆಯ ನಮ್ಮ ಮನೆಯಲ್ಲಿ ಟಿ.ವಿ.ಯಲ್ಲಿ ನೋಡಿದೆವು. ಅವಳೂ ಬಂದಿದ್ದಳು, ದೂರದ ಕುರ್ಚಿಯಲ್ಲಿ ಕೂತಳು. ಡ್ರಾ ಆದರೂ ನಾವು ಮುಂದಿನ ಸುತ್ತಿಗೆ ಹೋಗುತ್ತಿದ್ದೆವು. ಇನ್ನೇನು ಮುಗಿಯಿತು ಅನ್ನುವಾಗ ಎದುರಾಳಿ ನಮ್ಮ ಎಡಗಡೆಯಿಂದಲೇ ನುಗ್ಗಿ ಗೋಲು ಹೊಡೆದಳು. ಹುಡುಗಿ ಎದ್ದು ಹೊರಗೆ ಹೋದಳು. ನಾನು ಟಿ.ವಿ. ಆರಿಸಲಿಲ್ಲ. ನನ್ನ ತೀರ್ಮಾನದ ಬೆಲೆಯನ್ನು ನೋಡಿಯೇ ತೀರಬೇಕು ಎಂದು ಕೊನೆಯ ಸೀಟಿಯವರೆಗೂ ಕೂತೆ.

ಮಾರನೇ ಬೆಳಿಗ್ಗೆ ಹೆಡ್ ಕೋಚ್ ಫೋನ್ ಬಂತು. ಬೈಗುಳಕ್ಕೆ ತಯಾರಾಗಿ ಎತ್ತಿದೆ.

“ಗೋಲು ಎಲ್ಲಿಂದ ಬಂತು ನೋಡಿದಿರಾ?”

“ನೋಡಿದೆ ಸರ್.”

“ಪಂದ್ಯ ಮುಗಿದ ಮೇಲೆ ಹಿರಿಯರ ಕೋಚ್ ಬಂದು ನನ್ನ ಪಕ್ಕ ಕೂತರು. ನಿಮ್ಮ ಎಡಗಡೆಯವಳು ಎಲ್ಲಿ ಅಂತ ಕೇಳಿದರು. ಅದಕ್ಕೆ ನಾನು, ನಿಮಗೋಸ್ಕರ ಮನೆಯಲ್ಲಿ ಬಿಟ್ಟು ಬಂದಿದ್ದೇನೆ, ಈಗ ಸೋತು ಕೂತಿದ್ದೇನೆ, ಕರೆಯದೇ ಇದ್ದರೆ ನಿಮ್ಮನ್ನು ಬಿಡುವುದಿಲ್ಲ ಎಂದೆ.” ಆಮೇಲೆ, “ಯಾವಾಗ ತಯಾರಾಗುತ್ತಾಳೆ?” ಎಂದು ಕೇಳಿದರು.

ತಮ್ಮ ತಂಡ ಸೋತ ಮರುದಿನ ಬೆಳಿಗ್ಗೆ ಈ ಮಾತು ಆಡಬೇಕಾದರೆ ಮನುಷ್ಯ ದೊಡ್ಡವನಾಗಿರಬೇಕು. ಮೀಟಿಂಗಿನಲ್ಲಿ ಹೇಳಿದ ಮಾತನ್ನು ಅವರು ಮೈದಾನದಲ್ಲೂ ನಡೆಸಿದರು. ಅಂಥವರ ಕೈಕೆಳಗೆ ಕೆಲಸ ಮಾಡಿದೆ ಎಂದು ಹೇಳಿಕೊಳ್ಳುವುದಕ್ಕೆ ನನಗೆ ಇಂದಿಗೂ ಹೆಮ್ಮೆ.

ಹಿರಿಯರ ಶಿಬಿರಕ್ಕೆ ಅವಳನ್ನು ಕರೆದದ್ದು ಹೆಚ್ಚುವರಿ ಆಟಗಾರ್ತಿಯಾಗಿ. ಅಂದರೆ ನೋಡೋಣ, ಆಗದಿದ್ದರೆ ಕಳಿಸೋಣ ಎಂಬ ಲೆಕ್ಕ. ಹೊರಡುವ ಮುಂಚೆ ಅದೇ ಕೆಂಪು ಮಣ್ಣಿನಲ್ಲಿ ಅದೇ ಓಟ ಓಡಿಸಿದೆ. ಕೊನೆಯ ಓಟದ ನಂತರ ಟೇಪು ಹಿಡಿದು ಬಗ್ಗಿದಾಗ ಅವಳೂ ಇನ್ನೊಂದು ತುದಿ ಹಿಡಿದು ಬಗ್ಗಿದಳು. ಎಡ, ಬಲ, ಎಡ, ಬಲ. ಸಾಲಿನ ಕೊನೆಯವರೆಗೂ ಅಳೆದೆವು. ಎಲ್ಲೂ ವ್ಯತ್ಯಾಸ ಸಿಗಲಿಲ್ಲ. ಟೇಪು ಸುತ್ತುತ್ತ, “ಮೇಡಂ, ಆವತ್ತು ಕೊನೇ ಎರಡು ಓಟದಲ್ಲಿ ಎಳೀತಿತ್ತು. ನಂಗೊತ್ತಿತ್ತು” ಅಂದಳು. “ನಂಗೂ ಗೊತ್ತಿತ್ತು” ಅಂದೆ. ಅಷ್ಟಕ್ಕೇ ನಮ್ಮ ಜಗಳ ಮುಗಿಯಿತು.

ಶಿಬಿರದಿಂದ ಅವಳನ್ನು ವಾಪಸು ಕಳಿಸಲಿಲ್ಲ. ಅಲ್ಲಿಯ ಫಿಸಿಯೋ ನನಗೆ ಫೋನ್ ಮಾಡಿ, ಇವಳ ಎಡಗಾಲಿಗೆ ಬಲಗಾಲಿಗಿಂತ ಜಾಸ್ತಿ ಬಲ ಇದೆಯಲ್ಲ, ಯಾವ ಯಂತ್ರದಲ್ಲಿ ಮಾಡಿಸಿದಿರಿ ಎಂದು ಕೇಳಿದಳು. ಅಜ್ಜಿಯನ್ನು ಕೂರಿಸಿ ಮಾಡಿಸಿದೆ ಅಂದೆ. ತಮಾಷೆ ಮಾಡುತ್ತಿದ್ದೇನೆ ಅಂದುಕೊಂಡು ನಕ್ಕಳು.

ಅವಳ ಮೊದಲ ಪಂದ್ಯದ ಸಂಜೆ ನಾನು ಕಣಕಟ್ಟೆಯಲ್ಲಿದ್ದೆ. ಬೇರೆ ದೇಶದಲ್ಲಿ ಆಟ. ಟಿ.ವಿ.ಯನ್ನು ಅಂಗಳಕ್ಕೆ ತಂದಿಟ್ಟು, ಕೊಬ್ಬರಿ ಒಡೆಯುವವರು, ಪಕ್ಕದ ಮನೆಯವರು, ಮಾದಿಹಳ್ಳಿಯ ಬೀಗರು ಎಲ್ಲ ಸೇರಿದ್ದರು. ತಂಡ ಸಾಲಾಗಿ ನಿಂತಾಗ ನಾನು ಮುಖಗಳನ್ನು ನೋಡಿದೆ. ಗೋಲ್‌ಕೀಪರ್, ನಡುವಿನ ಇಬ್ಬರು, ಮುಂದಿನವಳು. ಎಲ್ಲ ನಮ್ಮ ಕಿರಿಯರ ಶಿಬಿರದಲ್ಲಿ ನನ್ನ ಟೇಬಲ್ಲಿನ ಮೇಲೆ ಮಲಗಿ ಅಯ್ಯೋ ಅಮ್ಮಾ ಅಂದವರೇ. ಆ ಸಾಲು ನೋಡಿ ನನಗಾದ ಸಂತೋಷವನ್ನು ಅಲ್ಲಿ ಯಾರಿಗೆ ಹೇಳಲಿ? ಎಲ್ಲರೂ ಒಬ್ಬಳನ್ನೇ ಹುಡುಕುತ್ತಿದ್ದರು. ಅವಳು ಬೆಂಚಿನ ಮೇಲೆ ಕೂತಿದ್ದಳು.

ದ್ವಿತೀಯಾರ್ಧದಲ್ಲಿ ಅವಳನ್ನು ಇಳಿಸಿದರು. ನಾವು ಒಂದು ಗೋಲಿನಿಂದ ಮುಂದಿದ್ದೆವು. ಆಟದ ಕೊನೆಗೆ, ಎಲ್ಲರ ಕಾಲೂ ಸೋತಿರುವ ಹೊತ್ತಿನಲ್ಲಿ, ಅವಳು ಮುಂದಕ್ಕೆ ಹೋಗಿದ್ದಾಗ ಚೆಂಡು ಎದುರಾಳಿಗೆ ಸಿಕ್ಕಿಬಿಟ್ಟಿತು. ಅವರ ಓಟಗಾರ್ತಿ ಖಾಲಿಯಾದ ನಮ್ಮ ಎಡಗಡೆಯಲ್ಲಿ ನುಗ್ಗಿದಳು. ನಮ್ಮ ಹುಡುಗಿ ತಿರುಗಿ ಓಡಿದಳು. ಅಂಗಳದವರೆಲ್ಲ ಚೆಂಡು ನೋಡುತ್ತಿದ್ದರು, ನಾನು ಎಡ ತೊಡೆ ನೋಡುತ್ತಿದ್ದೆ. ಎಡ, ಬಲ, ಎಡ, ಬಲ. ಮೈದಾನದ ಅರ್ಧಕ್ಕಿಂತ ಹೆಚ್ಚು ದೂರ ಓಡಿ, ಕೊನೆಯಲ್ಲಿ ಆ ಎಡಗಾಲನ್ನು ಪೂರ್ತಿ ಚಾಚಿ ಜಾರಿ ಚೆಂಡನ್ನು ಹೊರಗೆ ತಳ್ಳಿದಳು. ಅಂಗಳ ಎದ್ದು ಕುಣಿಯಿತು. ಅವಳು ಇನ್ನೂ ನೆಲದ ಮೇಲಿದ್ದಳು. ನಾನು ಉಸಿರು ಹಿಡಿದು ನಿಂತಿದ್ದೆ. ಅವಳು ಎದ್ದಳು, ಹಿಂದಕ್ಕೆ ತಿರುಗಿ ನೋಡಲಿಲ್ಲ, ಚಡ್ಡಿಗೆ ಹತ್ತಿದ ಹುಲ್ಲು ಕೊಡವಿಕೊಂಡು ತನ್ನ ಜಾಗಕ್ಕೆ ನಡೆದಳು.

“ಬಾಗ್ಲು ಕಾಯದು ಅಂದ್ರೆ ಇದಾ?” ಎಂದರು ಅಪ್ಪ ನನ್ನ ಕಡೆ ತಿರುಗಿ.

ಪಂದ್ಯ ಗೆದ್ದ ಸ್ವಲ್ಪ ಹೊತ್ತಿಗೆ ಫೋನ್ ಬಂತು. ಅಪ್ಪ ಮಾತಾಡಿದರು, ಅಜ್ಜಿ ಕೂಗಾಡಿದರು, ಬೀಗರು ಮಾತಾಡಿದರು. ಕೊನೆಗೆ ನನ್ನ ಕೈಗೆ ಬಂತು. ಹಿಂದೆ ಹುಡುಗಿಯರ ಹಾಡು, ಗಲಾಟೆ. ಹೇಳಬೇಕೆಂದುಕೊಂಡ ಮಾತುಗಳೆಲ್ಲ ಮರೆತು ಯಾವಾಗಲೂ ಕೇಳುವುದನ್ನೇ ಕೇಳಿದೆ.

“ಕಾಲು ಹೇಗಿದೆ?”

ಅವಳು ಒಂದು ಕ್ಷಣ ಯೋಚಿಸಿದಳು. “ಯಾವ ಕಾಲು ಮೇಡಂ?”

ಫೋನನ್ನು ಅಜ್ಜಿಯ ಕೈಗೆ ಕೊಟ್ಟು ಹಿತ್ತಿಲಿಗೆ ಹೋಗಿ ಮನಸಾರೆ ಅತ್ತೆ.